ಮೂವತ್ತು ಹಾಕದ ಪುಟ

ನಾನು ಒಂದು ಟೈಪ್‌ರೈಟರ್. ಹೊಡೆದರೆ ಮಾತ್ರ ಮಾತಾಡುವ ಜಾತಿ. ಸುಮ್ಮನೆ ಬಿಟ್ಟರೆ ನನ್ನಷ್ಟು ಮೂಕ ಇನ್ನೊಬ್ಬನಿಲ್ಲ. ಈಗ ಹೊಡೆಯುವವರು ಯಾರೂ ಇಲ್ಲ, ಆದರೆ ಹೊಟ್ಟೆಯ ತುಂಬ ಮಾತಿದೆ. ಪುರುಸೊತ್ತಿದ್ದರೆ ಕೇಳಿ.

ಅಮೆರಿಕದಲ್ಲಿ, ವರ್ಷದ ಅರ್ಧ ಹಿಮದಲ್ಲೇ ಕಳೆಯುವ ಒಂದು ಊರಿನ ಕಾರ್ಖಾನೆಯಲ್ಲಿ ಹುಟ್ಟಿದವನು ನಾನು. ಮೈ ಬೂದು ಬಣ್ಣ, ಕೀಲಿಗಳು ಹಸಿರು. ಕೊನೆಯ ಮೇಜಿನಲ್ಲಿ ಕೂತಿದ್ದ ಹೆಂಗಸು ನನ್ನ ಅಕ್ಷರಗಳನ್ನೆಲ್ಲ ಒತ್ತಿ ನೋಡಿ, "ಇವನ ಗಲಾಟೆ ಜಾಸ್ತಿ, ಆದ್ರೆ ಗಟ್ಟಿ ಆಸಾಮಿ" ಎಂದು ಪೆಟ್ಟಿಗೆಯಲ್ಲಿಟ್ಟಳು. ಆ ಮಾತನ್ನು ಇವತ್ತಿಗೂ ಬಿರುದಿನ ಹಾಗೆ ಕಾಪಾಡಿಕೊಂಡಿದ್ದೇನೆ.

ನನ್ನ ಮೊದಲ ಯಜಮಾನರು ವಾರೆನ್ ಟಾಲ್ಬರ್ಟ್. ಒಹಾಯೊ ನದಿಯ ದಂಡೆಯ ಉಕ್ಕಿನ ಊರೊಂದರಲ್ಲಿ ಸಂಜೆ ಪತ್ರಿಕೆಯ ವರದಿಗಾರರು. ಅಚ್ಚಿನ ಯಂತ್ರದ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಅದಕ್ಕೇ ಏನೋ, ಮಾತಾಡಿದರೆ ಕೂಗುತ್ತಿದ್ದರು, ಇಲ್ಲವಾದರೆ ಮಾತೇ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಹೆಚ್ಚು ಮಾತಾಡಿದವನು ನಾನೇ.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ವರದಿಯ ಹಾಳೆಗಳು ಒಂದೊಂದಾಗಿ ಅಚ್ಚುಮೊಳೆ ಜೋಡಿಸುವವರ ಕೈಗೆ ಹೋಗುತ್ತಿದ್ದವು. ಇಷ್ಟಕ್ಕೆ ಮುಗಿಯಿತೋ, ಇನ್ನೂ ಹಾಳೆ ಬರುವುದಿದೆಯೋ ಅವರಿಗೆ ತಿಳಿಯಬೇಕಲ್ಲ? ಅದಕ್ಕೆ ಕೊನೆಯ ಸಾಲಿನ ಕೆಳಗೆ ಮೂವತ್ತು ಎಂಬ ಅಂಕಿ ಹಾಕುತ್ತಿದ್ದರು. ಮೂವತ್ತು ಅಂದರೆ ಮುಗಿಯಿತು. ಮೂವತ್ತೇ ಯಾಕೆ ಎಂದು ಕೇಳಿದರೆ ಒಬ್ಬೊಬ್ಬ ವರದಿಗಾರ ಒಂದೊಂದು ಕಥೆ ಕಟ್ಟುತ್ತಿದ್ದ. ಯಾರಿಗೂ ನಿಜ ಗೊತ್ತಿರಲಿಲ್ಲ. ಆದರೆ ಹಾಕದೆ ಬಿಟ್ಟವರು ಯಾರೂ ಇರಲಿಲ್ಲ.

ಮಗಳು ಡೆಲಿಯಾ ದೊಡ್ಡ ಊರಿನ ಪತ್ರಿಕೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಯಜಮಾನರು ನನ್ನನ್ನು ಎತ್ತಿ ಅವಳ ಕೈಗೆ ಕೊಟ್ಟರು. ತಬ್ಬಿಕೊಳ್ಳಲಿಲ್ಲ. "ಮೂವತ್ತು ಹಾಕೋದು ಮಾತ್ರ ಮರೀಬೇಡ. ಹಾಕ್ದೆ ಬಿಟ್ರೆ ಪಾಪ, ಅಲ್ಲಿ ಜನ ಕಾಯ್ತಾ ಕೂತಿರ್ತಾರೆ" ಎಂದಷ್ಟೇ ಹೇಳಿದರು. ಅವಳು ರೈಲಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಆಮೇಲಿನದು ಬಾಡಿಗೆ ಕೋಣೆಗಳ ಬಾಳು. ಕೋರ್ಟು, ಬೆಂಕಿ ಅನಾಹುತ, ಮುಚ್ಚಿದ ಗಿರಣಿ, ಚುನಾವಣೆ, ಎಲ್ಲವೂ ನನ್ನ ಮೈಮೇಲೇ ಹಾದುಹೋದವು. ಪ್ರತಿಯೊಂದಕ್ಕೂ ಕೊನೆಯಲ್ಲಿ ಮೂವತ್ತು. ದಿನವಿಡೀ ಊರಿನವರನ್ನೆಲ್ಲ ಮಾತಾಡಿಸಿ ಬರುವ ಹುಡುಗಿ, ಕೋಣೆಗೆ ಬಂದರೆ ಮಾತಾಡಲು ಒಬ್ಬರಿಲ್ಲ. ಮದುವೆಯ ಮಾತು ಒಂದೆರಡು ಸಲ ಬಾಗಿಲವರೆಗೆ ಬಂದು ಹಿಂದೆ ಹೋಯಿತು. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ, ಕಾಫಿ ಲೋಟವನ್ನು ನನ್ನ ಪಕ್ಕದಲ್ಲೇ ಇಟ್ಟುಕೊಂಡು, ಅವಳು ಕಾದಂಬರಿ ಬರೆಯತೊಡಗಿದಳು. ನನಗಂತೂ ಖುಷಿಯೋ ಖುಷಿ. ಸುದ್ದಿ ಬರೆಯುವಾಗ ಬೆರಳು ಓಡುತ್ತಿತ್ತು, ಕಾದಂಬರಿಗೆ ಕೂತರೆ ಅದೇ ಬೆರಳನ್ನು ನನ್ನ ಮೇಲೆ ಸುಮ್ಮನೆ ಇಟ್ಟುಕೊಂಡು ಯೋಚಿಸುತ್ತಿದ್ದಳು. ಆ ಬಿಸುಪು ನನಗೆ ಬೇಕಾಗಿತ್ತು.

ಕಾದಂಬರಿ ಮುಗಿದ ದಿನ ಒಂದು ಎಡವಟ್ಟಾಯಿತು. ಅಭ್ಯಾಸಬಲ ನೋಡಿ, ಕೊನೆಯ ಸಾಲಿನ ಕೆಳಗೆ ಮೂವತ್ತು ಹೊಡೆದೇಬಿಟ್ಟಳು. ಪ್ರಕಾಶಕರ ಕಚೇರಿಯವರು ಪತ್ರಿಕೆಯ ಗಾಳಿ ಕಂಡವರಲ್ಲ. ಇದೂ ಕಾದಂಬರಿಯ ಭಾಗ ಎಂದುಕೊಂಡು ಅಚ್ಚು ಹಾಕಿಸಿದರು. ಆಮೇಲೆ ಕೇಳಬೇಕೇ ವಿಮರ್ಶಕರ ಸಂಭ್ರಮ! ಒಬ್ಬರು ಅದು ನಾಯಕಿಯ ವಯಸ್ಸು ಅಂದರು. ಇನ್ನೊಬ್ಬ ಪ್ರೊಫೆಸರು, ಏಸುವನ್ನು ಹಿಡಿದುಕೊಟ್ಟವನಿಗೆ ಸಿಕ್ಕಿದ ಮೂವತ್ತು ಬೆಳ್ಳಿ ನಾಣ್ಯ ಅಂದರು. ಪುಸ್ತಕ ಬಿಸಿ ಬಿಸಿ ಖರ್ಚಾಯಿತು. ಡೆಲಿಯಾಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಗಿತ್ತು.

ಅವಳು ಕಾಯುತ್ತಿದ್ದುದು ಒಬ್ಬರ ಮಾತಿಗೆ ಮಾತ್ರ. ಒಂದು ಭಾನುವಾರ ಫೋನು ಬಂತು. ಯಜಮಾನರ ಕೂಗು ಮೇಜಿನ ಮೇಲಿದ್ದ ನನಗೂ ಕೇಳಿಸಿತು.

"ಆ ಮೂವತ್ತು ನೀನೇ ಹೊಡೆದಿದ್ದಾ?"

"ಕೈ ತಪ್ಪಿ ಬಂತು ಅಪ್ಪಾ. ಆಫೀಸಲ್ಲಿ ಎಲ್ರೂ ನಗ್ತಿದಾರೆ."

"ನಗ್ಲಿ ಬಿಡು. ನನಗಂತೂ ಅರ್ಥ ಆಯ್ತಲ್ಲ."

"ಮತ್ತೆ ಪುಸ್ತಕ ಹೇಗಿದೆ?"

"ಇನ್ನೊಂದ್ಸಲ ಓದ್ತೀನಿ. ಹಬ್ಬಕ್ಕೆ ಬಾ, ಕೂತ್ಕೊಂಡು ಹೇಳ್ತೀನಿ."

ಹಬ್ಬಕ್ಕೆ ಅವಳು ಹೋಗಲಿಲ್ಲ. ಗಣಿಯೊಂದು ಕುಸಿದು ಅವಳನ್ನು ವರದಿಗೆ ಕಳಿಸಿದರು. ಮುಂದಿನ ತಿಂಗಳು ಹೋದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಯಜಮಾನರು ತೀರಿಕೊಂಡರು.

ಅಂತ್ಯಕ್ರಿಯೆಗೆ ಹೋಗಿ ಬಂದವಳು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ಪತ್ರಿಕೆಯವರು ಹೂವಿನ ಚಕ್ರ ತಂದಿದ್ರು ಕಣೇ. ನಡುವೆ ಬಿಳಿ ಹೂವಲ್ಲಿ ಮೂವತ್ತು ಅಂತ ಬರೆದಿತ್ತು. ಪತ್ರಕರ್ತರು ಸತ್ರೆ ಹಾಗೇ ಮಾಡೋದಂತೆ. ಅದನ್ನ ನೋಡಕ್ಕೆ ನನ್ನಿಂದ ಆಗ್ಲಿಲ್ಲ."

ಎರಡನೆಯ ಕಾದಂಬರಿ ಅಪ್ಪನ ಬಗ್ಗೆ. ಹಟ ತೊಟ್ಟು ಬರೆದಳು. ಮುದುಕರು ನನ್ನ ಕೀಲಿಗಳಲ್ಲಿ ಮತ್ತೆ ಎದ್ದು ಓಡಾಡಿದಂತಿತ್ತು. ಕೊನೆಯ ಸಾಲೂ ಬಂತು. ಬೆರಳು ಮೂರರ ಕೀಲಿಯ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ. ಮಾರನೆಯ ದಿನವೂ ಅಷ್ಟೇ. ಮೂವತ್ತು ಹಾಕಿದರೆ ಅಪ್ಪ ನಿಜವಾಗಿಯೂ ಮುಗಿದುಹೋಗುತ್ತಾರೆ ಎಂಬ ಭಯ. ಹಾಕದೆ ಕಳಿಸಲು ಅವರು ಕಲಿಸಿದ ಕೈ ಒಪ್ಪಲಿಲ್ಲ. ಹಾಳೆಯನ್ನು ನನ್ನೊಳಗೇ ಬಿಟ್ಟು ಮುಚ್ಚಳ ಹಾಕಿದಳು.

ಆಮೇಲೆ ಮೇಜಿಗೆ ಕಂಪ್ಯೂಟರ್ ಬಂತು. ನಾನು ಬೀರುವಿನ ತಳಕ್ಕೆ ಹೋದೆ. ಅವಳು ಪತ್ರಿಕೆಗಳಿಗೆ ದೊಡ್ಡ ದೊಡ್ಡ ಲೇಖನ ಬರೆದಳು, ಬಹುಮಾನಗಳನ್ನು ಪಡೆದಳು, ಹೆಸರು ಮಾಡಿದಳು. ಕಾದಂಬರಿ ಮಾತ್ರ ಬರೆಯಲಿಲ್ಲ. ಎರಡನೆಯದು ಎಲ್ಲಿಗೆ ಬಂತು ಎಂದು ಪ್ರಕಾಶಕರು ಕೇಳುತ್ತಿದ್ದರು, ಬರಬರುತ್ತಾ ಕೇಳುವುದನ್ನೇ ಬಿಟ್ಟರು. ನಾನು ಕತ್ತಲಲ್ಲಿ ಆ ಒಂದು ಹಾಳೆಯನ್ನು ಕಚ್ಚಿಕೊಂಡು ಕೂತಿದ್ದೆ. ಒಂದೇ ಕಡೆ ಒತ್ತಿ ಒತ್ತಿ ನನ್ನ ರಬ್ಬರ್ ಉರುಳೆಗೆ ತಗ್ಗು ಬಿತ್ತು. ಬಟ್ಟೆ ತೆಗೆಯಲು ಬೀರು ತೆರೆದಾಗಲೆಲ್ಲ ನನ್ನ ಸರದಿ ಎಂದುಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು.

ಅವಳ ಕೂದಲೆಲ್ಲ ಬೆಳ್ಳಗಾದ ಮೇಲೆ ಒಂದು ದಿನ ಸುದ್ದಿ ಬಂತು, ಯಜಮಾನರು ದುಡಿದಿದ್ದ ಆ ಸಂಜೆ ಪತ್ರಿಕೆ ಮುಚ್ಚುತ್ತಿದೆ ಎಂದು. ಅವಳು ಹೋಗಿ ಕೊನೆಯ ಸಂಚಿಕೆ ತಂದಳು. ಅದರ ಕೊನೆಯ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇವರೂ ಹಾಕಿಲ್ಲವಲ್ಲಪ್ಪಾ. ಯಾರಿಗೂ ಗೊತ್ತೇ ಇಲ್ಲ" ಎಂದಳು. ಆಮೇಲೆ ಬೀರು ತೆರೆದು ನನ್ನನ್ನು ಎರಡೂ ಕೈಯಲ್ಲಿ ಎತ್ತಿದಳು. ನನ್ನ ಧೂಳು ಒರೆಸಿ, ಮೂರನ್ನು ಒತ್ತಿದಳು. ಸೊನ್ನೆಯನ್ನು ಒತ್ತಿದಳು.

ಹಾಳೆಯ ಮೇಲೆ ಏನೂ ಮೂಡಲಿಲ್ಲ. ನನ್ನ ರಿಬ್ಬನ್ನಿನ ಮಸಿ ಎಂದೋ ಒಣಗಿಹೋಗಿತ್ತು. ಇಷ್ಟು ವರ್ಷ ಕಾದು, ಬೇಕಾದ ಗಳಿಗೆಯಲ್ಲಿ ಮಾನ ಕಳೆದೆನಲ್ಲ ಎಂದು ನಾನು ಕುಗ್ಗಿಹೋದೆ. ಅವಳು ಮಾತ್ರ ಹಾಳೆಯ ಮೇಲೆ ಬೆರಳಾಡಿಸಿದಳು. ಬಣ್ಣವಿಲ್ಲದಿದ್ದರೂ ತಗ್ಗು ಬಿದ್ದಿತ್ತು. "ಹಾಕಿದೀನಿ ಅಪ್ಪಾ. ಇನ್ನು ಕಾಯ್ಬೇಡ" ಎಂದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಆ ಹಾಳೆಯನ್ನೂ ಸೇರಿಸಿ ಪ್ರಕಾಶಕರಿಗೆ ಕಳಿಸಿದಳು. ಪುಸ್ತಕ ಹೊರಬಂದಾಗ ಅದರಲ್ಲಿ ಮೂವತ್ತು ಇರಲಿಲ್ಲ. ಮಸಿಯಿಲ್ಲದ ಅಂಕಿ ಯಾರ ಕಣ್ಣಿಗೆ ಕಂಡಿದ್ದೀತು? ಕಥೆ ಇನ್ನೂ ಮುಗಿದಂತಿಲ್ಲ ಎಂದು ವಿಮರ್ಶಕರು ಬರೆದರು. ಅವಳು ತಿದ್ದಲು ಹೋಗಲಿಲ್ಲ.

ಅವಳೂ ಹೋದಳು. ಸಾಯುವ ಮುಂಚೆ ನನ್ನನ್ನು ಆ ಉಕ್ಕಿನ ಊರಿನ ಗ್ರಂಥಾಲಯಕ್ಕೆ ಕೊಟ್ಟಿದ್ದಳು. ಅವಳ ಅಂತ್ಯಕ್ರಿಯೆಯ ಫೋಟೊವನ್ನು ನನ್ನ ಪಕ್ಕದ ಗೋಡೆಗೆ ತೂಗುಹಾಕಿದ್ದಾರೆ. ಹೂವು ರಾಶಿ ರಾಶಿ ಇದೆ. ಹುಡುಕಿ ಹುಡುಕಿ ನೋಡಿದ್ದೇನೆ, ಅಂಕಿ ಎಲ್ಲೂ ಇಲ್ಲ. ತರಬೇಕೆಂದು ಬಲ್ಲವರು ಉಳಿದಿರಲಿಲ್ಲ.

ಮೊನ್ನೆ ಒಬ್ಬ ಹೆಂಗಸು ನನ್ನ ಗಾಜಿನ ಪೆಟ್ಟಿಗೆಯಾಚೆ ಬಗ್ಗಿ ನೋಡಿ, "ಅಂಕಿಗಳಲ್ಲಿ ಮೂರರ ಕೀಲಿ, ಸೊನ್ನೆಯ ಕೀಲಿ ಮಾತ್ರ ಯಾಕೆ ಸವೆದಿವೆ?" ಎಂದು ಕೇಳಿದಳು.

ಗ್ರಂಥಪಾಲಕಿ ಕನ್ನಡಕ ಏರಿಸಿ ನೋಡಿದಳು. "ಗೊತ್ತಿಲ್ಲಮ್ಮ. ಲೆಕ್ಕಗಿಕ್ಕ ಬರೀತಿದ್ರೇನೋ."

ನಾನು ಬಾಯಿಬಿಡುವ ಹಾಗಿಲ್ಲ. ಡೆಲಿಯಾಗೆ ಹಾಕಬೇಕಾದ ಮೂವತ್ತು ಇನ್ನೂ ಬಾಕಿಯಿದೆ. ಮೂರು ನನ್ನಲ್ಲಿದೆ, ಸೊನ್ನೆಯೂ ನನ್ನಲ್ಲಿದೆ. ಒತ್ತುವ ಬೆರಳಿಲ್ಲ. ಹಾಕದೆ ಬಿಟ್ಟರೆ ಕಾಯುತ್ತಾ ಕೂತಿರುತ್ತಾರೆ ಎಂದಿದ್ದರಲ್ಲ ಯಜಮಾನರು, ಹಾಗೆ ಕೂತಿದ್ದೇನೆ.