ಅವ್ವನ ಮುಖದ ಮೇಲಿನ ಹೆಜ್ಜೆಗಳು

ಬೆಳಗಿನ ಬಿಸಿಲು ನಮ್ಮ ಪಡಸಾಲೆಯ ಗೋಡೆಗೆ ಓರೆಯಾಗಿ ಬೀಳುತ್ತದೆ. ಮೊದಲು ದೇವರ ಗೂಡಿಗೆ, ಆಮೇಲೆ ಪಕ್ಕದಲ್ಲಿರುವ ಅವ್ವನ ಚಿತ್ರಕ್ಕೆ. ಆಗ ಆ ಕೆನ್ನೆಗಳ ಮೇಲೆ ಸಣ್ಣ ಸಣ್ಣ ನೆರಳುಗಳು ಏಳುತ್ತವೆ.

ಅದನ್ನು ಬರೆದವರು ಅವ್ವನ ತಮ್ಮ, ನನ್ನ ಸೋದರಮಾವ ರೇವಣಪ್ಪ. ಅವರದು ಹೊಸ ರೀತಿಯ ಚಿತ್ರಕಲೆ. ಹಣೆಗೆ ನೀಲಿ, ಗಲ್ಲಕ್ಕೆ ಹಸಿರು ಬಳಿದರೂ ಅದು ಯಾರ ಮುಖವೆಂದು ಕೂಸುಗಳೂ ಗುರುತಿಸುತ್ತಿದ್ದವು. ಭಾನುವಾರದ ಪತ್ರಿಕೆಗೆ ಕಲಾವಿಮರ್ಶೆಯನ್ನೂ ಬರೆಯುತ್ತಿದ್ದರು. ಚಿತ್ರಕ್ಕೆ ಕೂತವರನ್ನು ಮೆಚ್ಚಿಸಲು ಬರೆದ ಮುಖ ಸುಳ್ಳು ಎಂಬುದು ಅವರ ಖಂಡಿತ ಮಾತು. ಊರಿನ ಕಲಾವಿದರಿಗೆಲ್ಲ ಅದರ ಬಿಸಿ ತಟ್ಟಿತ್ತು.

ತಾಯಿಯಿಲ್ಲದ ಮಾಮನನ್ನು ಸಾಕಿದವಳು ಅವ್ವ. ಅಷ್ಟೊಂದು ಮುಖ ಬರೆದವರು ಅಕ್ಕನ ಮುಖಕ್ಕೆ ಮಾತ್ರ ಕೈ ಹಾಕಿರಲಿಲ್ಲ. ಕೊನೆಗೆ ತಮ್ಮ ದೊಡ್ಡ ಪ್ರದರ್ಶನಕ್ಕೆಂದು ಅದನ್ನೂ ಬರೆದು, ಚಿತ್ರಕ್ಕೆ ಬಟ್ಟೆ ಮುಚ್ಚಿ ಮನೆಗೆ ತಂದರು. ಮನೆಗೆ ಹೊಸದೇನು ಬಂದರೂ ದೀಪ ಬೆಳಗಿ ಒಳಗೆ ಕರೆದುಕೊಳ್ಳುವುದು ಅವ್ವನ ಪದ್ಧತಿ. ದೀಪ ಹಿಡಿದು ಬಂದವಳು ಚಿತ್ರ ನೋಡಿ, ಬೆಳಗದೆ ನಿಂತಳು.

"ಚಂದ ಅದಾಳಲ್ಲೋ ರೇವಣ. ಯಾರು ಈಕಿ?"

ಮಾಮ ನಕ್ಕರು. "ನೀನಽ ಅಕ್ಕಾ. ಕನ್ನಡಿ ನೋಡಿಕೊಂಡು ಎಷ್ಟು ದಿನಾ ಆತು?"

"ದಿನಾ ನೋಡ್ಕೋತೀನಿ. ಅದಕ್ಕಽ ಕೇಳಿದೆ."

ಚಿತ್ರದ ಕೆನ್ನೆ ನುಣ್ಣಗಿತ್ತು. ಅವ್ವನ ಮುಖದಲ್ಲಿ ಹಣೆಯಿಂದ ಗದ್ದದವರೆಗೂ ಸಿಡುಬಿನ ಕುಳಿಗಳಿದ್ದವು. ನಮ್ಮ ಕಡೆ ಅದನ್ನು ರೋಗವೆನ್ನುತ್ತಿರಲಿಲ್ಲ, ತಾಯಿ ದೇವಿ ಬಂದಿದ್ದಾಳೆ ಎನ್ನುತ್ತಿದ್ದರು.

ಅವ್ವ ದೀಪ ಕೆಳಗಿಟ್ಟಳು. "ನೀ ಸಣ್ಣಾಂವ ಇದ್ದಾಗ ನಿನ್ನ ಮೈಮ್ಯಾಲ ತಾಯಿ ಬಂದ್ಲು. ಬದುಕೂದಿಲ್ಲ ಅಂದ್ರು. ಬೇವಿನ ತಪ್ಪಲ ಹಿಡಕೊಂಡು ನಾ ಕುಂತೆ. ಇವನ್ನ ಬಿಡು, ನನ್ನ ಮ್ಯಾಲ ಬಾ ಅಂತ ಬೇಡಿಕೊಂಡೆ. ಬಂದ್ಲು. ಆಕಿ ನಡದಾಡಿದ ಹೆಜ್ಜಿ ಅಳಿಸಿಬಿಟ್ಟೀಯಲ್ಲೋ."

"ಗೊತ್ತದ ಅಕ್ಕಾ," ಎಂದರು ಮಾಮ. "ಗೊತ್ತಿದ್ದದ್ದಕ್ಕಽ ಆ ಕುಳಿ ಬರಿಯಾಕ ಕೈ ಬರಲಿಲ್ಲ."

"ಮಂದಿ ಬರದದ್ದಕ್ಕ ಅಷ್ಟು ಕೊಂಕು ತೆಗೀತಿ. ನಿಂದಕ್ಕ ಯಾರು ತೆಗೀಬೇಕಪಾ? ಇದನ್ನ ಒಯ್ಯಿ. ದೀಪಾ ಬೆಳಗಾಕ ನನಗ ಮನಸಿಲ್ಲ."

ಪ್ರದರ್ಶನದ ದಿನ ಆ ಚಿತ್ರಕ್ಕೆಂದು ಬಿಟ್ಟಿದ್ದ ನಡುಗೋಡೆ ಖಾಲಿಯಿತ್ತು. ಅಂದಿನ ಪತ್ರಿಕೆಯಲ್ಲಿ ಮಾಮ ತಮ್ಮ ಬಗ್ಗೆ ತಾವೇ ಬರೆದಿದ್ದರು: "ಇಲ್ಲಿರಬೇಕಾದ ಮುಖವನ್ನು ಚಿತ್ರಕಾರ ಅಳುಕಿನಿಂದ ಕೆಡಿಸಿದ್ದಾನೆ. ತನ್ನ ಸಂಕಟವನ್ನು ಮುಚ್ಚಿಕೊಳ್ಳಲು ತಾಯಿಯ ಹೆಜ್ಜೆಗಳ ಮೇಲೆ ಬಣ್ಣ ಬಳಿದಿದ್ದಾನೆ." ಅವರಿಂದ ಬೈಸಿಕೊಂಡಿದ್ದವರು ಅದನ್ನು ಗಟ್ಟಿಯಾಗಿ ಓದಿ ನಕ್ಕರು. "ಇನ್ನೊಮ್ಮೆ ಓದ್ರಿ, ಚಲೋ ಬರದಾನ," ಎಂದು ಮಾಮನೂ ನಕ್ಕರು. ಹೀಗೆ ತಮ್ಮ ತಪ್ಪಿನ ಎದುರು ನೆಟ್ಟಗೆ ನಿಂತವರನ್ನು ನಾನು ಆಮೇಲೆ ಕಂಡಿಲ್ಲ.

ಮತ್ತೆ ಬರೆಯಲು ಕೂತಾಗ ಬಣ್ಣವನ್ನು ದಪ್ಪಗೆ ಬಳಿದು, ಅದು ಹಸಿಯಿರುವಾಗಲೇ ಕುಂಚ ಕೆಳಗಿಟ್ಟರು. ಎಡಗೈ ಬೆರಳಿನಿಂದ ಅಕ್ಕನ ಕೆನ್ನೆಯ ಒಂದು ಕುಳಿಯನ್ನು ಮುಟ್ಟುವರು. ಬಲಗೈ ಬೆರಳನ್ನು ಬಣ್ಣದೊಳಗೆ ಒತ್ತುವರು. ಒಂದಾದ ಮೇಲೊಂದು, ಪೂಜೆಯಲ್ಲಿ ಹೂ ಏರಿಸಿದ ಹಾಗೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ಮೆಲ್ಲಕ ಮುಟ್ಟೋ, ಕಚಗುಳಿ ಆಗ್ತದ," ಎಂದಳು ಅವ್ವ.

ಮುಗಿದ ಮೇಲೆ ಅವಳು ಎದ್ದು ಹೋಗಿ ದೀಪ ತಂದಳು.

ಈಗ ಇಬ್ಬರೂ ಇಲ್ಲ. ಬೆಳಿಗ್ಗೆ ದೇವರಿಗೆ ಬೆಳಗಿದ ದೀಪವನ್ನು ನಾನು ಹಾಗೇ ಅವ್ವನ ಚಿತ್ರದತ್ತ ತಿರುಗಿಸುತ್ತೇನೆ. ಅಷ್ಟು ಹೊತ್ತಿಗೆ ಬಿಸಿಲೂ ಬಂದಿರುತ್ತದೆ. ಮಾಮನ ಬೆರಳು ಊರಿದಲ್ಲೆಲ್ಲ ಚೂರು ಚೂರು ನೆರಳು ಎದ್ದು, ಯಾರೋ ಬರಿಗಾಲಲ್ಲಿ ಆಗಷ್ಟೇ ಅವ್ವನ ಮುಖದ ಮೇಲೆ ನಡೆದುಹೋದಂತೆ ಕಾಣುತ್ತದೆ.