ದಾವಣಗೆರೆಯ ಶರಣಕುಮಾರ

"ಸಪ್ಪಳ ಮಾಡಬ್ಯಾಡ್ರಿ. ಬಾಗಲ ತನಕಾ ಬಂದಾನ."

ಒಳಗಿನಿಂದ ಹೆಂಡತಿಯ ಪಿಸುದನಿ ಕೇಳಿದಾಗ ಗುರುಬಸವ ಹೊಸ್ತಿಲ ಮುಂದೆ ಚಪ್ಪಲಿ ಬಿಡುತ್ತಿದ್ದ. ಒಂದು ಕಾಲಿನದು ಬಿಟ್ಟಾಗಿತ್ತು. ಇನ್ನೊಂದು ಕಾಲಲ್ಲೇ ಉಳಿಯಿತು.

"ಹಿಂದಿನ ಬಾಗಲಾ ಐತಲ್ರಿ, ಅಲ್ಲಿಂದ ಹೋಗೂಣೇನು?" ಅದು ಗಂಡಸಿನ ದನಿ.

"ತಡೀರಿ. ಅಂವ ಹೊಳ್ಳಿ ಹೋಗ್ಲಿ. ಉಸರ ಹಿಡೀರಿ."

ಗುರುಬಸವ ಮುಷ್ಟಿಯಿಂದ ಬಾಗಿಲು ಗುದ್ದಿದ. ಒಳಗೆ ಏನೋ ಬಿದ್ದ ಸದ್ದಾಯಿತು. ಬಾಗಿಲು ತೆರೆಯುವಷ್ಟರಲ್ಲಿ ಐದಾರು ಸೆಕೆಂಡು ಕಳೆದಿರಬೇಕು. ಅವನಿಗೆ ಅದು ಬಹಳ ಹೊತ್ತು ಅನ್ನಿಸಿತು. ಸುರೇಖಾ ಮೊಬೈಲು ಹಿಡಿದು ನಿಂತಿದ್ದಳು. ಮೇಲ್ದುಟಿಯ ಮೇಲೆ ಸಣ್ಣಗೆ ಬೆವರಿತ್ತು.

"ಇದೇನ್ರಿ, ಈ ಹೊತ್ನ್ಯಾಗ?"

ಮರೆತು ಹೋಗಿದ್ದ ಬಿಪಿ ಗುಳಿಗೆಗಾಗಿ ಬಂದಿದ್ದ. ಅದನ್ನು ಹೇಳಲಿಲ್ಲ. ನೆಟ್ಟಗೆ ಹಿತ್ತಲಿಗೆ ನಡೆದ. ಹಿಂಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಬಚ್ಚಲಿನಲ್ಲಿ ನೋಡಿದ, ಜೋಳದ ಚೀಲಗಳ ಹಿಂದೆ ನೋಡಿದ. ಸುರೇಖಾ ಅವನ ಹಿಂದೆ ಹಿಂದೆ ಬಂದಳು.

"ಏನ್ ಹುಡುಕಾಕತ್ತೀರಿ?"

"ಯಾರೋ ಗಂಡಸರ ದನಿ ಕೇಳ್ತು."

ಅವಳಿಗೆ ನಗು ಬಂತು, ಅವನ ಮುಖ ನೋಡಿ ನಿಂತಿತು. ಮೊಬೈಲು ತಿರುಗಿಸಿ ತೋರಿಸಿದಳು. ಸುಟ್ಟು ಕರಕಲಾದ ಒಂದು ಪಟ್ಟಣ, ಮಗುಚಿ ಬಿದ್ದ ಬಸ್ಸು, ಅದರ ಮರೆಯಲ್ಲಿ ಕೊಡಲಿ ಹಿಡಿದು ಕೂತ ಹೆಂಗಸು. ಅವಳ ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಹೇಮಗುಡ್ಡ 07' ಎಂದಿತ್ತು.

"ಗೇಮ್ ಆಡಾಕತ್ತಿದ್ನಿ. ಜಗತ್ತೆಲ್ಲಾ ಮುಳುಗೇತಿ, ಸತ್ತೋರು ಎದ್ದು ಅಡ್ಡಾಡ್ತಾರ, ನಾವು ತಪ್ಪಿಸ್ಕೊಂಡು ಬದುಕ್ಬೇಕು. ಜೋಡಿ ಆಡೋರು ಮಾತಾಡ್ತಾರ, ಅದ ದನಿ."

"ಯಾರಂವ?"

"ಗಂಗಾವತಿಯಾಂವ. ಜಾಕೀರ ಅಂತ."

ಹೆದರದೆ ಹೇಳಿದಳು. ಆ ಹೆದರದಿರುವಿಕೆಯೇ ಅವನಿಗೆ ಸರಿಬರಲಿಲ್ಲ.

ಯಲಬುರ್ಗಾ ಬಸ್‌ಸ್ಟ್ಯಾಂಡಿನ ಎದುರು ಅವನ ಅಂಗಡಿ. ಬೋರ್‌ವೆಲ್ ಮೋಟರಿನ ಬಿಡಿಭಾಗ, ಸ್ಪ್ರಿಂಕ್ಲರ್ ಪೈಪು, ವಾಷರು, ವಾಲ್ವು ಮಾರುತ್ತಿದ್ದ. ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಗಿರಾಕಿಗಳು ಕಡಿಮೆ. ಅಂದು ಹೊರಗೆ ಬಿಸಿಲು ನೋಡುತ್ತ ಕೂತವನಿಗೆ ಒಂದೊಂದೇ ನೆನಪಾಯಿತು. ಜೂನ್‌ನಲ್ಲಿ ಮಗಳನ್ನು ಕುಷ್ಟಗಿಯ ವಸತಿ ಶಾಲೆಗೆ ಬಿಟ್ಟು ಬಂದ ಮೇಲೆ ಸುರೇಖಾ ಹದಿನೈದು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗೆಲುವಾದಳು. ಹೊಂದಿಕೊಂಡಳು ಎಂದು ಅವನು ಸಮಾಧಾನಪಟ್ಟಿದ್ದ. ಈಗ ಆ ಗೆಲುವಿಗೆ ಬೇರೆ ಕಾರಣ ಕಂಡಿತು. ಹೇಮಗುಡ್ಡ ಅವಳ ತವರಿನ ಹತ್ತಿರದ ಬೆಟ್ಟ. ಜಾಕೀರನ ಗಂಗಾವತಿಯೂ ಅಲ್ಲೇ. ಮೊದಲಿನಿಂದ ಗುರುತಿದ್ದವನೇ ಯಾಕಾಗಿರಬಾರದು?

ಮರುದಿನ ಅಂಗಡಿಯಲ್ಲೇ ಕೂತು ಆ ಆಟವನ್ನು ತನ್ನ ಮೊಬೈಲಿಗೆ ಹಾಕಿಕೊಂಡ. ಹೆಸರು ಕೇಳಿದಾಗ ಬೆರಳು ಸ್ವಲ್ಪ ತಡೆಯಿತು. 'ಶರಣಕುಮಾರ' ಎಂದು ಬರೆದ. ಊರು ದಾವಣಗೆರೆ. 'ಹೇಮಗುಡ್ಡ 07' ಹುಡುಕಿ ತನ್ನನ್ನೂ ಜೊತೆಗೆ ಸೇರಿಸಿಕೊಳ್ಳುವಂತೆ ಕೋರಿಕೆ ಕಳಿಸಿದ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ಮಧ್ಯಾಹ್ನ ಮೊಬೈಲು ಗುಂಯ್ ಎಂದಿತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ.

"ನಮಸ್ಕಾರ್ರೀ ಶರಣಕುಮಾರ. ಹೊಸಬರೇನ್ರಿ?"

ತನ್ನ ಮನೆಯ ನಡುಕೋಣೆಯಲ್ಲಿ ಕೂತ ತನ್ನದೇ ಹೆಂಡತಿ ತನ್ನ ಕಿವಿಯೊಳಗೆ ಮಾತಾಡುತ್ತಿದ್ದಳು. ಅವನು ಟೈಪ್ ಮಾಡಿದ: 'ಹೌದ್ರಿ. ನನ್ನ ಮೈಕ್ ಕೆಟ್ಟೈತಿ. ಬರದು ಹೇಳ್ತೀನಿ.'

"ಅಡ್ಡಿ ಇಲ್ಲ. ಎಡಗೈ ಹೆಬ್ಬೆರಳ ಆ ದುಂಡಗಿಂದರ ಮ್ಯಾಲೆ ಇಡ್ರಿ. ಅದು ನಡಿಯೂದು. ಬಲಗೈಲೆ ಪರದಿ ಸರಿಸಿದ್ರ ಆ ಕಡಿ ಈ ಕಡಿ ನೋಡ್ತೀರಿ. ಎರಡೂ ಕೂಡೇ ಮಾಡ್ರಿ."

ಅವನ ಗೊಂಬೆ ಗೋಡೆಗೆ ಮುಖ ಕೊಟ್ಟು ಅಲ್ಲೇ ನಡೆಯತೊಡಗಿತು. ಆ ಕಡೆಯಿಂದ ಜಾಕೀರನ ನಗು ಕೇಳಿತು.

"ನಗಬ್ಯಾಡ್ರಿ ಜಾಕೀರ, ಮೊದಲನೇ ದಿನ ನೀವೂ ಬಾವ್ಯಾಗ ಬಿದ್ದಿದ್ರಿ. ಶರಣಕುಮಾರ, ಗಡಿಬಿಡಿ ಬ್ಯಾಡ. ಹೊಳ್ಳ ಮಾಡ್ರಿ."

ಹತ್ತು ಸಲ ತಪ್ಪಿದರೂ ಅವಳು ಹತ್ತು ಸಲ ಹೇಳಿಕೊಟ್ಟಳು. ಮದುವೆಯಾದ ಹೊಸದರಲ್ಲಿ ಅವನು ಕುಷ್ಟಗಿ ರಸ್ತೆಯಲ್ಲಿ ಅವಳಿಗೆ ಸ್ಕೂಟಿ ಕಲಿಸಲು ಹೋಗಿದ್ದ. ಎರಡನೆಯ ದಿನವೇ ನಡುರಸ್ತೆಯಲ್ಲಿ ಬೈದಿದ್ದ. ಅವಳು ಮತ್ತೆಂದೂ ಹ್ಯಾಂಡಲ್ ಮುಟ್ಟಲಿಲ್ಲ. ಅದೊಂದು ಕ್ಷಣ ನೆನಪಾಯಿತು. ಆದರೆ ಅವನು ಬಂದದ್ದು ಅದಕ್ಕಲ್ಲ. ಅವನ ಕಿವಿ ಜಾಕೀರನ ಮೇಲಿತ್ತು.

ಜಾಕೀರ ಅವಳನ್ನು 'ಕ್ಯಾಪ್ಟನ್' ಎಂದು ಕರೆಯುತ್ತಿದ್ದ. ಅವನದು ಗಂಗಾವತಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮಾತಿನ ಹಿಂದೆ ಆಗಾಗ ಗಾಳಿ ತುಂಬುವ ಪಂಪಿನ ಸದ್ದು ಕೇಳುತ್ತಿತ್ತು. ದಿನಗಳು ಹೋದಂತೆ ಗುರುಬಸವನಿಗೆ ಆ ಸುಟ್ಟ ಪಟ್ಟಣದ ಬೀದಿಗಳೂ ಅಲ್ಲಿಯ ವೈರಿಗಳೂ ಗುರುತಾದವು. ಎಲ್ಲಕ್ಕೂ ಸುರೇಖಾ ತನ್ನದೇ ಹೆಸರಿಟ್ಟಿದ್ದಳು. ಡೊಳ್ಳುಹೊಟ್ಟೆಯವು 'ಗಡಿಗಿ'. ಹೊಡೆದರೆ ಒಡೆದು ಸುತ್ತ ಇದ್ದವರನ್ನೆಲ್ಲ ಸುಡುತ್ತವೆ. ಗುಂಪಾಗಿ ಬೆನ್ನಟ್ಟಿ ಬರುವವು 'ಕುದುರಿ'. ಅವಕ್ಕೆ ಮೆಟ್ಟಿಲು ಹತ್ತಲು ಬಾರದು. ಎಲ್ಲಕ್ಕಿಂತ ಅವಳು ಅಂಜುತ್ತಿದ್ದದ್ದು 'ಕುರುಡ'ರಿಗೆ.

"ಅವಕ್ಕ ಕಣ್ಣಿಲ್ರಿ, ಕಿವಿ ಮಾತ್ರ ಭಾಳ ಚುರುಕು," ಎಂದು ಹೇಳಿಕೊಟ್ಟಳು. "ಬಲಗಡಿ ಕೆಳಗ ಬಗ್ಗಿ ಕುಂತ ಮನಷ್ಯಾನ ಚಿತ್ರ ಐತಲ್ಲ, ಅದನ್ನ ಒತ್ತಿ ಕುಂತ್ಕೊಂಡ ನಡೀರಿ. ಓಡಿದ್ರ ಮುಗೀತು."

'ಇದೆಲ್ಲಾ ಎಲ್ಲಿ ಕಲ್ತ್ರಿ?' ಎಂದು ಬರೆದ.

"ಆಡಿ ಆಡಿ. ಸತ್ತು ಸತ್ತು." ನಕ್ಕಳು. ಆ ನಗುವನ್ನು ಅವನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

"ಇನ್ನೊಂದ ಜಾತಿ ಬಿಟ್ರಲ್ರಿ ಕ್ಯಾಪ್ಟನ್," ಎಂದ ಜಾಕೀರ. "ಮನಷ್ಯಾರು. ನಮ್ಮಂಗ ಆಡಾಕ ಬಂದೋರು. ಗೆಳ್ಯಾರಂತ ಜೋಡಿ ಸೇರ್ತಾರ, ನಮ್ಮ ಕೋಣಿ ಎಲ್ಲೈತಿ, ಏನೇನ್ ಕೂಡಿಸಿಟ್ಟೇವಿ ಎಲ್ಲಾ ನೋಡ್ಕೋತಾರ, ಆಮ್ಯಾಲೆ ಹಿಂದಿಂದ ಹೊಡೀತಾರ. ಮೈಕ್ ಇಲ್ಲದೋರನ್ನ ಕೂಡಿಸ್ಕೋಬಾರ್ದಂತ ನಾ ಹೇಳಿದ್ದೆ."

"ಸುಮ್ನಿರ್ರಿ. ಪಾಪ, ಅವ್ರಿಗಿನ್ನಾ ಬಾಗಲಾ ತಗಿಯೂದ ಬರೂದಿಲ್ಲ."

ಗುರುಬಸವ ಇಯರ್‌ಫೋನು ತೆಗೆದು ಸ್ವಲ್ಪ ಹೊತ್ತು ರಸ್ತೆ ನೋಡಿದ. ಈ ಜಾಕೀರನಿಗೆ ತನ್ನ ಮೇಲೇಕೆ ಕಣ್ಣು? ನಡುವೆ ಮೂರನೆಯವನು ಬಂದದ್ದು ಅವನಿಗೆ ತೊಡಕಾಗಿದೆ, ಮತ್ತೇನು!

ಒಂದು ಮಧ್ಯಾಹ್ನ ಜಾಕೀರ ಕೇಳಿದ: "ನಿನ್ನೆ ಯಾಕ ಬರ್ಲಿಲ್ರಿ?"

"ಇವ್ರು ಮನ್ಯಾಗಿದ್ರು."

"ಹೌದಾ," ಎಂದು ಜಾಕೀರ ಸುಮ್ಮನಾದ. ಅವಳೂ ಸುಮ್ಮನಾದಳು.

ಆ ಮೌನವನ್ನು ಗುರುಬಸವ ಸಂಜೆಯವರೆಗೆ ತಲೆಯಲ್ಲಿ ಹೊರಳಾಡಿಸಿದ. ರಾತ್ರಿ ಊಟಕ್ಕೆ ಬಡಿಸುವಾಗ ಅವಳ ಮುಖ ನೋಡಿದ. "ಉಪ್ಪ ಕಡಿಮಿ ಆಗೇತೇನ್ರಿ?" ಎಂದಳು. ಮನೆಯಲ್ಲಿ ಅವಳ ದನಿ ಎಷ್ಟು ಸಣ್ಣದು ಎಂದು ಮೊದಲ ಸಲ ಗಮನಿಸಿದ. ಅದಕ್ಕೂ ಒಂದು ಅರ್ಥ ಹಚ್ಚಿದ.

ಮರುದಿನ ಅವಳಿಗೊಬ್ಬಳಿಗೇ ಕಾಣುವಂತೆ ಬರೆದು ಕಳಿಸಿದ: 'ನಿಮ್ಮ ದನಿ ಭಾಳ ಛಲೋ ಐತ್ರಿ. ಮನಸಿಗೆ ಹತ್ತೇತಿ. ಫೋನ್ ನಂಬರ್ ಕೊಡ್ತೀರಿ? ನಿಮ್ಮ ಮನಿಯವ್ರಿಗೆ ಗೊತ್ತಾಗಂಗಿಲ್ಲ.'

ಪರದೆಯ ಮೇಲೆ ಕೊಡಲಿಯ ಹೆಂಗಸು ನಿಂತಲ್ಲೇ ನಿಂತಳು. ಆಮೇಲೆ ದನಿ ಬಂತು.

"ಶರಣಕುಮಾರ, ಇಲ್ಲಿ ಆಟ ಆಡಾಕ ಬಂದೇವಿ. ಇನ್ನೊಮ್ಮೆ ಹಿಂಗ ಬರದ್ರ ಕುರುಡರ ನಡುವ ಬಿಟ್ಟು ಹೋಗ್ತೀನಿ."

"ಏನಾತ್ರಿ?" ಎಂದ ಜಾಕೀರ.

"ಏನಿಲ್ಲ. ನಡೀರಿ."

ಅಂದು ಗುರುಬಸವನಿಗೆ ಹಿಡಿಸಲಾರದಷ್ಟು ಹಿಗ್ಗು. ಸಂಜೆ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋದ. ಅವಳ ಎದುರಿಗೇ ಕೂತು ತಿಂದ. ಅವಳು ಒಂದೆರಡು ಸಲ ಅವನನ್ನು ವಿಚಿತ್ರವಾಗಿ ನೋಡಿದಳು. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಆ ಹಿಗ್ಗು ಹಳಸಿತ್ತು. ಜಾಕೀರ ಜೊತೆಗಿದ್ದನಲ್ಲ, ಅವನಿಗೆ ತಿಳಿದೀತೆಂದು ಇಲ್ಲ ಅಂದಿರಬಹುದು. ಅವನು ಇರದಿದ್ದರೆ? ಇಲ್ಲವೇ ನಂಬರು ಅವನಿಗೆ ಎಂದೋ ಕೊಟ್ಟಾಗಿರಬಹುದು. ಇನ್ನೊಂದು ವಾರ ನೋಡಿಯೇ ಬಿಡೋಣ ಎಂದುಕೊಂಡ.

ಆ ವಾರ ತುಂಬಲಿಲ್ಲ. ಗುರುವಾರ ಮಧ್ಯಾಹ್ನ ಮೂವರೂ ಒಂದು ಹಾಳು ಆಸ್ಪತ್ರೆಯ ಪಡಸಾಲೆಯಲ್ಲಿ ಬಗ್ಗಿ ನಡೆಯುತ್ತಿದ್ದರು. ಎದುರು ನಾಲ್ಕು ಕುರುಡರು. ಉಸಿರು ಹಿಡಿಯುವ ಗುಂಡಿ ಒತ್ತಲು ಹೋದ ಗುರುಬಸವನ ಹೆಬ್ಬೆರಳು ಪಕ್ಕದ ಗುಂಡಿಯ ಮೇಲೆ ಬಿತ್ತು. ಅದು ಮೈಕಿನದು. ಅವನಿಗೆ ಗೊತ್ತಾಗಲಿಲ್ಲ.

"ಕುಕನೂರು ಮಾರ್ಗವಾಗಿ ಕೊಪ್ಪಳಕ್ಕೆ ಹೋಗುವ ಬಸ್ಸು..." ಎದುರಿನ ಬಸ್‌ಸ್ಟ್ಯಾಂಡಿನ ಧ್ವನಿವರ್ಧಕ ಕೂಗುತ್ತಿತ್ತು. ಅದೇ ಹೊತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ಗಾಳೆಪ್ಪ ಬಂದು ನಿಂತ. ಹಳೆಯ ಗಿರಾಕಿ, ಮನೆಗೂ ಬಂದು ಹೋಗುವವನು, ದೊಡ್ಡ ಬಾಯಿ.

"ಗುರುಬಸಣ್ಣಾ! ಎರಡಿಂಚಿನ ಪೈಪಿನ ಎಲ್ಬೋ ಅದಾವೇನೋ ಮಾರಾಯಾ?"

"ಕುಂದ್ರೋ, ಕೊಡ್ತೀನಿ," ಎಂದ ಗುರುಬಸವ, ಎಂದಿನಂತೆ.

ಇಯರ್‌ಫೋನಿನಲ್ಲಿ ಅವನದೇ ದನಿಯ ಸಣ್ಣ ಮರುದನಿ ಬಂತು. ಕೆಳಗೆ ನೋಡಿದ. ಮೈಕಿನ ಚಿತ್ರ ಹಸಿರಾಗಿ ಹೊಳೆಯುತ್ತಿತ್ತು. ಆರಿಸಿದ.

"ಅರೆ, ಇವ್ರ ಮೈಕ್ ಛಲೋನ ಐತಲ್ರಿ," ಎಂದ ಜಾಕೀರ. "ದಾವಣಗೆರಿಯಾಗ ಕುಕನೂರ ಬಸ್ಸು? ಕ್ಯಾಪ್ಟನ್, ನಾ ಹೇಳಿದ್ನೋ ಇಲ್ಲೋ?"

ಸುರೇಖಾಳ ಕೊಡಲಿಯ ಹೆಂಗಸು ಎದ್ದು ಮುಂದೆ ನಡೆದಳು. ಪಡಸಾಲೆಯ ಕೊನೆಯಲ್ಲೊಂದು ಕೋಣೆ. "ಶರಣಕುಮಾರ, ಒಳಗ ನಡೀರಿ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಅವನು ಹೋದ. ಹಿಂದೆ ಬಾಗಿಲು ಮುಚ್ಚಿತು. ಹೊರಗಿನಿಂದ ಕಬ್ಬಿಣದ ಸರಳು ಎಳೆದ ಸದ್ದಾಯಿತು. ಕೋಣೆಯ ಕತ್ತಲಲ್ಲಿ ಒಂದೊಂದಾಗಿ ಕುರುಡರ ತಲೆಗಳು ಇತ್ತ ತಿರುಗಿದವು.

"ಜಾಕೀರ, ನೀವಿನ್ನ ಹೋಗ್ರಿ. ಇದು ನಮ್ಮನಿ ಮಾತು."

"ನಿಮ್ಮನಿ...?" ಎಂದವನು ತಡವರಿಸಿದ. "ಆತ್ರಿ. ಹುಷಾರ್ರಿ." ಅವನ ಪಂಪಿನ ಸದ್ದು ನಿಂತಿತು.

ಅವನ ಗೊಂಬೆ ಸತ್ತು ಪರದೆ ಪೂರ್ತಿ ಕೆಂಪಾಗುವ ಮೊದಲು ಅವಳ ದನಿ ಇನ್ನೊಮ್ಮೆ ಬಂತು: "ಗಾಳೆಪ್ಪಗ ಎಲ್ಬೋ ಕೊಟ್ಟು ಮನಿಗೆ ಬರ್ರಿ."

ಅವನು ಹೋದಾಗ ಅವಳು ನಡುಕೋಣೆಯಲ್ಲಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅತ್ತ ಗುರುತು ಕಾಣಲಿಲ್ಲ. ಅತ್ತಿದ್ದರೆ ಮಾತು ಶುರುಮಾಡುವುದು ಸುಲಭವಾಗುತ್ತಿತ್ತು ಅನ್ನಿಸಿತು.

"ಎಷ್ಟ ದಿನಾ ಆತು?"

"ಇಪ್ಪತ್ತ ದಿನಾ."

"ನಂಬರ್ ಕೇಳಿದ್ದೂ ನೀವ?"

ಅವನು ತಲೆ ತಗ್ಗಿಸಿದ.

"ನಾ ಕೊಟ್ಟಿದ್ರ ಏನ್ ಮಾಡ್ತಿದ್ರಿ?"

ಗುರುಬಸವ ಇಪ್ಪತ್ತು ದಿನ ಎಲ್ಲವನ್ನೂ ಅಳೆದು ಸುರಿದಿದ್ದ. ಈ ಒಂದು ಮಾತನ್ನು ಮಾತ್ರ ಯೋಚಿಸಿರಲಿಲ್ಲ. ಅವಳು ತಾನೇ ಮುಂದುವರಿದಳು.

"ಆ ಮೆಸೇಜು ಬಂದ ದಿನಾ ಜಾಕೀರಗ ಹೇಳಿರ್ಲಿಲ್ಲ ನಾ. ಹೇಳಿದ್ರ ಅಂವ ಆ ದಾವಣಗೆರಿಯವನ್ನ ಹೊರಗ ಹಾಕ್ತಿದ್ದ. ಪಾಪ, ಒಬ್ಬ ಇರಬೇಕು, ಯಾರೂ ಇಲ್ಲದಾಂವ ಇರಬೇಕು, ಒಮ್ಮೆ ತಪ್ಪಿದ್ರ ಏನಾತು, ಕಲಿಸೂಣು ಅಂತಂದು ಸುಮ್ಮನಾದ್ನಿ." ಕೈಬೆರಳು ನೋಡಿಕೊಂಡಳು. "ಶರಣಕುಮಾರ ಒಳ್ಳೇಂವ ಅನ್ಕೊಂಡಿದ್ನಿ."

"ಸುರೇಖಾ, ಆ ಜಾಕೀರನ ದನಿ ಕೇಳಿ ನಂಗ ತಲಿ ಕೆಟ್ಟಿತ್ತು. ನೀ ನನ್ನ ಮುಂದ ಎಂದೂ ಹಂಗ ಮಾತಾಡಿಲ್ಲ."

"ನೀವು ಎಂದಾರ ಕೇಳೀರೇನು?"

ಅವನು ಅವಳ ಎದುರು ಕೂತ. ತಪ್ಪಾಯಿತು ಎಂಬುದು ನಾಲಗೆಯ ತುದಿಗೆ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ:

"ಅವಗ ನಂಬರ್ ಕೊಟ್ಟಿಲ್ಲಲ್ಲ?"

ಸುರೇಖಾ ತನ್ನ ಮೊಬೈಲಿನ ಬೀಗ ತೆಗೆದು, ಇಬ್ಬರ ನಡುವೆ ನೆಲದ ಮೇಲೆ ಇಟ್ಟಳು.

"ಎಲ್ಲಾ ಅದರಾಗ ಐತಿ. ನೋಡ್ಕೋರಿ."

ಎದ್ದು ಮೊರ ತೆಗೆದುಕೊಂಡು ಮಾಳಿಗೆ ಹತ್ತಿದಳು. ಮೇಲೆ ಸಂಡಿಗೆ ಒಣಹಾಕಿದ್ದಳು. ಬಟ್ಟೆಯಿಂದ ಸಂಡಿಗೆ ಕೀಳುವ ಚರ್ರ್ ಸದ್ದು ಒಂದೇ ಹದದಲ್ಲಿ ಕೇಳತೊಡಗಿತು.

ಗುರುಬಸವ ಮೊಬೈಲನ್ನು ಕೈಗೆತ್ತಿಕೊಳ್ಳಲಿಲ್ಲ. ಪರದೆಯ ಮೇಲೆ ಮಗಳು ಸಮವಸ್ತ್ರದಲ್ಲಿ ನಿಂತ ಚಿತ್ರವಿತ್ತು. ಅದರ ಮೇಲೆ ಸಾಲಾಗಿ ಫೋನಿನದು, ಮೆಸೇಜಿನದು, ಆ ಆಟದ್ದು ಗುರುತುಗಳು. ಸ್ವಲ್ಪ ಹೊತ್ತಿಗೆ ಬೆಳಕು ಮಂದವಾಯಿತು. ಇನ್ನೇನು ಆರಿ ಬೀಗ ಬೀಳಬೇಕು. ಅವನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ. ಬೆಳಕು ಮತ್ತೆ ಬಂತು. ಏನನ್ನೂ ತೆರೆಯದೆ ಕೈ ಹಿಂದಕ್ಕೆ ಎಳೆದುಕೊಂಡ. ಮೇಲೆ ಸಂಡಿಗೆ ಕೀಳುವ ಸದ್ದು ನಿಂತು, ಮತ್ತೆ ಶುರುವಾಯಿತು. ಪರದೆ ಮತ್ತೆ ಮಂದವಾಗತೊಡಗಿತು. ಅವನು ಮತ್ತೆ ಮುಟ್ಟಿದ.