ಕಂಡಕ್ಟರ್ ಮಹಾನಂದಾಳ ಕರುಳಿನಲ್ಲಿ ನಾನು

ನಾನು ಒಂದು ಬ್ಯಾಕ್ಟೀರಿಯಾ. ಹುಟ್ಟಿದ್ದು ಹೇಗೆಂದರೆ, ಒಬ್ಬಳು ನಡುವೆ ಸೀಳಿ ಇಬ್ಬರಾದಳು. ತಾಯಿ ಯಾರು, ಮಗಳು ಯಾರು ಎಂದು ಇಬ್ಬರಿಗೂ ತಿಳಿಯಲಿಲ್ಲ. ಹಾಗಾಗಿ ಅಜ್ಜಿಯರಿಗೆ ಆದದ್ದನ್ನೂ ನನಗೇ ಆದದ್ದೆಂದು ಹೇಳುತ್ತೇನೆ.

ನನ್ನ ಮನೆ, ಗದಗ-ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಮಹಾನಂದಾಳ ದೊಡ್ಡ ಕರುಳು. ಅವಳಿಗೆ ಜೀರ್ಣವಾಗದೆ ಉಳಿದ ಜೋಳದ ರೊಟ್ಟಿಯ ನಾರು, ಕಾಳಿನ ಸಿಪ್ಪೆ ನಮ್ಮ ಪಾಲಿಗೆ ಬರುತ್ತಿತ್ತು. ಅದನ್ನು ತಿಂದು ನಾವು ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲ ಮಾಡುತ್ತಿದ್ದೆವು. ಹಳಸಿದ ಬೆಣ್ಣೆಯ ನಾತ ಅದಕ್ಕೆ. ಆದರೆ ಕರುಳಿನ ಗೋಡೆಗೆ ಅದೇ ಊಟ.

ಹೋದ ವರ್ಷ ಆ ಗೋಡೆಯಲ್ಲಿ ಹುಣ್ಣೆದ್ದವು. ಒಂದೇ ಟ್ರಿಪ್ಪಿನಲ್ಲಿ ಮೂರು ಸಲ ಬಸ್ಸು ನಿಲ್ಲಿಸಿ ಅವಳು ರಸ್ತೆಬದಿಯ ಜಾಲಿಕಂಟಿಯ ಮರೆಗೆ ಓಡಿದಳು. "ಅಕ್ಕಾರ, ಇದು ಯಾವ ಸ್ಟಾಪರೀ?" ಎಂದು ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಅವಳು ರಜೆ ಹಾಕಿದಳು. ರಜೆ ಮುಗಿಯುವುದರೊಳಗೆ ವಾಸಿಯಾಗದಿದ್ದರೆ ಡಿಪೋದ ಕುರ್ಚಿಯೇ ಗತಿ. ಓಡುವ ಬಸ್ಸು ಬಿಟ್ಟು ಕೂರುವುದೆಂದರೆ ಅವಳಿಗೆ ಸೆರೆಮನೆ.

ಡಾಕ್ಟರಮ್ಮ ಮಾತ್ರೆ ಕೊಟ್ಟು, ಎರಡು ವಾರ ಮೆತ್ತಗಿನ ಊಟ ಎಂದರು. ಅತ್ತೆ ನೀಲವ್ವ ಆ ಪಥ್ಯವನ್ನು ನಾಲ್ಕು ತಿಂಗಳು ಎಳೆದಳು. ಸೊಸೆ ತೇಗಿದರೂ ಸಾಕು, ಪಥ್ಯ ಮತ್ತೆ ಮೊದಲಿಂದ. ಸಾಬೂದಾನಿ ಗಂಜಿ, ಬಿಳಿ ಅನ್ನ. ಅವೆಲ್ಲ ಮೇಲೆಯೇ ಕರಗಿಹೋಗುತ್ತಿದ್ದವು. ಕೆಳಗೆ ನಮಗೆ ಏನೂ ಇಲ್ಲ. ಒಡಹುಟ್ಟಿದವರು ಸಾಲುಸಾಲಾಗಿ ಸತ್ತರು. ಹುಣ್ಣು ಅರ್ಧ ಮಾಯ್ದು ನಿಂತುಬಿಟ್ಟವು.

ಅತ್ತೆ ಸೊಸೆ ಇಬ್ಬರೂ ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮನಿಗೆ ಪಥ್ಯದ ಕಥೆ ಗೊತ್ತಾಯಿತು.

"ಅಮ್ಮಾರ, ಈಕಿ ಕರುಳಾಗ ಔಷಧ ಮಾಡೋ ಜೀವ ಅದಾವ. ಅವನ್ನ ಉಪವಾಸ ಕೆಡವೀರಿ."

"ಅಯ್ಯ, ಹೊಟ್ಟ್ಯಾಗ ಹುಳಾ ಅದಾವಂತೀರೇನು?" ಎಂದಳು ನೀಲವ್ವ.

"ಹುಳಾ ಅಲ್ರೀ, ಕಣ್ಣಿಗೆ ಕಾಣಲಾರದಷ್ಟು ಸಣ್ಣವು. ಅವು ಮಾಡೋ ಆಮ್ಲಾನ ಔಷಧದಾಂಗ ಕೊಟ್ಟು ನೋಡಾಕತ್ತಾರ, ಇನ್ನೂ ಪೂರಾ ಖಾತ್ರಿ ಆಗಿಲ್ಲ. ಸದ್ಯ ಮಾತ್ರೆ ಬಿಡಬ್ಯಾಡ್ರಿ. ಅದರ ಜೋಡಿ ರೊಟ್ಟಿ ಸ್ವಲ್ಪ ಸ್ವಲ್ಪ ಕೊಡ್ರಿ."

ಮರುದಿನ ನೀಲವ್ವ ಅರ್ಧ ರೊಟ್ಟಿ ಮುರಿದು ಸೊಸೆಯ ತಟ್ಟೆಗೆ ಹಾಕಿದಳು. "ಉಣ್ಣವಾ. ನಿನಗಲ್ಲ, ಅವಕ್ಕ."

ಮೊದಲ ನಾರು ಕೆಳಗಿಳಿದಾಗ ನಾವು ಬೆರಳೆಣಿಕೆಯಷ್ಟೇ ಉಳಿದಿದ್ದೆವು. ತಿಂದೆವು, ಇಬ್ಭಾಗವಾದೆವು, ಮತ್ತೆ ತಿಂದೆವು. ವಾರಗಳು ಕಳೆದವು. ಗೋಡೆ ಮೆಲ್ಲಗೆ ಕೂಡಿಕೊಂಡಿತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ನಾವು ಜಗಳಾಡಲಿಲ್ಲ.

ಇಂದು ಅವಳು ಮತ್ತೆ ಡ್ಯೂಟಿಗೆ ಹೊರಟಿದ್ದಾಳೆ. ಬೆಳಿಗ್ಗೆ ಎದ್ದು, ಚಹಾ ಕುಡಿದು, ಓಡದೆ, ಹೊಟ್ಟೆ ಹಿಡಿಯದೆ ಪಾಯಖಾನೆಗೆ ನಡೆದಳು. ಹೊರಬಂದವರಲ್ಲಿ ನಾನೂ ಒಬ್ಬಳು. ನಮ್ಮಂಥವರಿಗೆ ಗಾಳಿಯೇ ವಿಷ; ನನಗಿನ್ನು ಹೆಚ್ಚು ಹೊತ್ತಿಲ್ಲ. ಚಿಂತೆಯಿಲ್ಲ, ಒಳಗೆ ಕೋಟಿಗಟ್ಟಲೆ ನಾನು ಉಳಿದಿದ್ದೇನೆ.

"ಆತೇನವಾ?" ಬಾಗಿಲಾಚೆಯಿಂದ ನೀಲವ್ವನ ಕೂಗು.

"ಆತ್ರೀ ಅತ್ತಿ, ಒಂದೇ ಸಲಕ್ಕ!"

ಮಹಾನಂದಾಳ ದನಿಯನ್ನು, ನಡುವೆ ಮೈಯ ಅಡ್ಡವಿಲ್ಲದೆ, ನಾನು ಕೇಳಿದ್ದು ಇದೇ ಮೊದಲು. ನಗುತ್ತಿದ್ದಳು.